ದಣಿದವರಿಗೆ ಸಹನೆಯ ಉಪದೇಶ

ಆಸ್ಪತ್ರೆಗಳಲ್ಲಿ ದುಡಿಯುವವರ ಮನಃಕ್ಲೇಶದ ಮಾತು ಬಂದಾಗಲೆಲ್ಲ ನಮ್ಮ ಸುಶಿಕ್ಷಿತ ಸಮಾಜದ ಬಾಯಲ್ಲಿ ಒಂದು ಸಿದ್ಧವಾದ ಉತ್ತರವಿರುತ್ತದೆ. ವೈದ್ಯವೃತ್ತಿಯೂ ಶುಶ್ರೂಷೆಯೂ ಪವಿತ್ರವಾದ ಸೇವೆಗಳು. ಅಂಥ ಸೇವೆಗೆ ಇಳಿದವರು ನಿದ್ದೆ, ಊಟ, ಸಂಸಾರಗಳ ಲೆಕ್ಕವಿಡಬಾರದು. ಹಿಂದಿನವರು ಇದಕ್ಕಿಂತ ಹೆಚ್ಚು ಕಷ್ಟಪಟ್ಟು ಇದಕ್ಕಿಂತ ಕಡಮೆ ಗೊಣಗಿದರು. ಈಗಿನವರ ಮನಸ್ಸು ಮೃದುವಾಗಿರುವುದರಿಂದ ಅವರಿಗೆ ಧ್ಯಾನ, ಪ್ರಾಣಾಯಾಮ, ಆಪ್ತಸಮಾಲೋಚನೆಗಳನ್ನು ಒದಗಿಸಿದರೆ ಸಾಕು. ಅಷ್ಟಾದರೂ ತಾಳಲಾರದವರು ಬಿಟ್ಟುಹೋಗಲಿ, ಅವರ ಜಾಗಕ್ಕೆ ಬರುವವರು ಬೇಕಾದಷ್ಟು ಮಂದಿ ಇದ್ದಾರೆ. ಆಡಳಿತ ಮಂಡಲಿಯ ಸಭೆಯಲ್ಲಿ, ಇಲಾಖೆಯ ಕಚೇರಿಯಲ್ಲಿ, ಕಾಲೇಜಿನ ವಾರ್ಷಿಕೋತ್ಸವದ ಭಾಷಣದಲ್ಲಿ, ಕಡೆಗೆ ರೋಗಿಯ ಮಂಚದ ಪಕ್ಕದಲ್ಲಿ ಕುಳಿತ ಬಂಧುಗಳ ಮಾತಿನಲ್ಲಿಯೂ ಇದೇ ಕೇಳಿಬರುತ್ತದೆ. ಇಷ್ಟು ಮಂದಿ ಇಷ್ಟು ನಿಶ್ಚಿಂತೆಯಿಂದ ಒಪ್ಪಿಕೊಂಡಿರುವ ಈ ಅಭಿಪ್ರಾಯವು ಅಸತ್ಯವಾದುದು, ಕ್ರೂರವಾದುದು, ಮತ್ತು ರೋಗಿಗಳ ಪ್ರಾಣಕ್ಕೇ ಅಪಾಯಕರವಾದುದು ಎಂದು ನಾನು ದೃಢವಾಗಿ ನಂಬಿದ್ದೇನೆ.

ಮೊದಲನೆಯದಾಗಿ, ಈ ಅಭಿಪ್ರಾಯವು ಕೇಡಿನ ಮೂಲವನ್ನು ಅದಿರುವ ಸ್ಥಳದಲ್ಲಿ ಹುಡುಕದೆ, ಅದರ ಪೆಟ್ಟು ತಿಂದವರ ಮನಸ್ಸಿನೊಳಗೆ ಹುಡುಕುತ್ತದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗವರ್ಗೀಕರಣದ ಹನ್ನೊಂದನೆಯ ಪರಿಷ್ಕರಣದಲ್ಲಿ ಬರ್ನ್‌ಔಟ್ ಎಂಬ ಸ್ಥಿತಿಯನ್ನು ವಿವರಿಸಿದಾಗ, ಅದನ್ನು ವ್ಯಕ್ತಿಗೆ ತಗುಲಿದ ರೋಗವೆಂದು ಕರೆಯಲಿಲ್ಲ. ಉದ್ಯೋಗದಿಂದ ಹುಟ್ಟಿದ ವಿದ್ಯಮಾನವೆಂದು ಸ್ಪಷ್ಟವಾಗಿ ಹೇಳಿತು. ಕೆಲಸದ ಸ್ಥಳದಲ್ಲಿನ ದೀರ್ಘಕಾಲದ ಒತ್ತಡವು ಪರಿಹಾರ ಕಾಣದೆ ಉಳಿದಾಗ ಶಕ್ತಿಯೆಲ್ಲ ಬತ್ತಿಹೋಗುವುದು, ಮಾಡುವ ಕೆಲಸದಿಂದಲೇ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಸಾಧ್ಯವಾಗದೆಂಬ ಭಾವ ನೆಲೆಗೊಳ್ಳುವುದು, ಇವು ಮೂರು ಅದರ ಲಕ್ಷಣಗಳು. ಉದ್ಯೋಗದಲ್ಲಿ ಹುಟ್ಟಿದುದನ್ನು ಉದ್ಯೋಗದಲ್ಲಿಯೇ ತಿದ್ದಬೇಕಲ್ಲದೆ ಉದ್ಯೋಗಿಯ ಸ್ವಭಾವದಲ್ಲಿ ತಿದ್ದಲು ಹೊರಡುವುದು ಯಾವ ಚಿಕಿತ್ಸಾಶಾಸ್ತ್ರ?

ಅಮೂರ್ತವಾದ ಮಾತನ್ನು ಬಿಟ್ಟು ಒಂದು ರಾತ್ರಿಯ ಲೆಕ್ಕವನ್ನು ತೆಗೆದುಕೊಳ್ಳೋಣ. ಮೂವತ್ತು ಹಾಸಿಗೆಗಳ ಒಂದು ವಾರ್ಡು, ಮೂವತ್ತೂ ತುಂಬಿವೆ, ಹನ್ನೆರಡು ಗಂಟೆಗಳ ನೈಟ್ ಡ್ಯೂಟಿಗೆ ಇಬ್ಬರು ಸಿಸ್ಟರುಗಳು. ಒಬ್ಬೊಬ್ಬರಿಗೆ ಹದಿನೈದು ರೋಗಿಗಳೆಂದರೆ, ಆಕೆ ನೀರು ಕುಡಿಯದೆ, ಒಂದು ಕ್ಷಣವೂ ಕೂರದೆ ದುಡಿದರೂ, ಒಬ್ಬ ರೋಗಿಯ ಪಾಲಿಗೆ ಇಡೀ ರಾತ್ರಿಯಲ್ಲಿ ಬರುವುದು ನಲವತ್ತೆಂಟು ನಿಮಿಷ. ಆ ನಲವತ್ತೆಂಟು ನಿಮಿಷಗಳೊಳಗೆ ಜ್ವರ, ನಾಡಿ, ರಕ್ತದೊತ್ತಡಗಳನ್ನು ಮತ್ತೆ ಮತ್ತೆ ನೋಡಬೇಕು, ವೇಳೆಗೆ ಸರಿಯಾಗಿ ಇಂಜೆಕ್ಷನ್ ಕೊಡಬೇಕು, ಮುಗಿದ ಡ್ರಿಪ್ಪನ್ನು ಬದಲಿಸಬೇಕು, ಕ್ಯಾತೀಟರಿನ ಚೀಲವನ್ನು ಅಳೆದು ಖಾಲಿಮಾಡಬೇಕು, ಹೊರಳಲಾರದ ಮುದುಕರಿಗೆ ಬೆನ್ನುಹುಣ್ಣಾಗದಂತೆ ಮಗ್ಗುಲು ಬದಲಿಸಬೇಕು, ವಾಂತಿಯಾದರೆ ಶುಚಿಮಾಡಿಸಬೇಕು, ಹೆದರಿದವರಿಗೆ ಸಮಾಧಾನ ಹೇಳಬೇಕು, ಸಿಟ್ಟಾದ ಬಂಧುಗಳ ಬೈಗುಳವನ್ನು ಕೇಳಬೇಕು, ಇದೆಲ್ಲವನ್ನೂ ಮಾಡಿದ್ದೇನೆಂದು ಪ್ರತಿಯೊಂದನ್ನೂ ಕೇಸ್ ಶೀಟಿನಲ್ಲಿ ಬರೆದಿಡಬೇಕು, ಏಕೆಂದರೆ ಬರೆಯದಿದ್ದುದು ನಡೆಯಲೇ ಇಲ್ಲವೆಂದು ಮರುದಿನದ ವಿಚಾರಣೆ ಹೇಳುತ್ತದೆ. ಅಷ್ಟರಲ್ಲಿ ಮೂಲೆಯ ಹಾಸಿಗೆಯ ಒಬ್ಬ ರೋಗಿಗೆ ಉಸಿರು ಸಿಕ್ಕಿಕೊಂಡಿತೆಂದರೆ, ಉಳಿದ ಹದಿನಾಲ್ಕು ಮಂದಿಯ ನಲವತ್ತೆಂಟು ನಿಮಿಷಗಳಿಂದಲೇ ಅವನ ಪ್ರಾಣಕ್ಕೆ ಬೇಕಾದ ಒಂದು ಗಂಟೆ ಹೊರಡಬೇಕು. ಬೆಳಿಗ್ಗೆ ಹ್ಯಾಂಡೋವರ್ ಮುಗಿಸಿ ಮನೆಗೆ ಹೊರಟಾಗ ಆಕೆಯನ್ನು ಕಾಡುವುದು ಮೈಯ ದಣಿವಷ್ಟೇ ಅಲ್ಲ. ತಾನು ಮಾಡಬೇಕೆಂದು ಕಲಿತದ್ದನ್ನು ಮಾಡಲಾಗಲಿಲ್ಲ, ಯಾರನ್ನೋ ಗಮನಿಸದೆ ಬಿಟ್ಟೆ ಎಂಬ ಅಳುಕು. ಈ ಅಳುಕನ್ನು ಪ್ರತಿ ರಾತ್ರಿಯೂ ಹೊತ್ತು ವರ್ಷಗಳನ್ನು ಕಳೆಯುವವಳ ಮನಸ್ಸು ದುರ್ಬಲವೆಂದು ಹೇಳತಕ್ಕವರು ಆ ಒಂದು ರಾತ್ರಿಯನ್ನಾದರೂ ಅವಳ ಜೊತೆ ನಿಂತು ಕಳೆದಿರುವರೆ?

ಇಂಥವಳಿಗೆ ಆಡಳಿತವು ಕಂಡುಹಿಡಿದಿರುವ ಪರಿಹಾರವೆಂದರೆ ಒತ್ತಡ ನಿರ್ವಹಣೆಯ ಶಿಬಿರ. ನೈಟ್ ಡ್ಯೂಟಿ ಮುಗಿಸಿದವರನ್ನು ಮನೆಗೆ ಕಳುಹಿಸದೆ ಸಭಾಂಗಣದಲ್ಲಿ ಕೂರಿಸಿ, ಉಸಿರಾಟದ ಅಭ್ಯಾಸ ಮಾಡಿಸಿ, ಹಾಜರಿ ಪುಸ್ತಕಕ್ಕೆ ಸಹಿ ಹಾಕಿಸಿಕೊಂಡು, ಮಾನ್ಯತಾ ಪರಿಶೀಲಕರು ಬಂದಾಗ ತೋರಿಸಲು ಭಾವಚಿತ್ರ ತೆಗೆದಿಟ್ಟುಕೊಳ್ಳುವ ಪದ್ಧತಿಯನ್ನು ಏನೆಂದು ಕರೆಯೋಣ? ಯೋಗವನ್ನಾಗಲಿ ಧ್ಯಾನವನ್ನಾಗಲಿ ನಾನು ಹಳಿಯುತ್ತಿಲ್ಲ. ಆದರೆ ಹೊತ್ತ ಮೂಟೆಯನ್ನು ಇಳಿಸದೆ ಹೊತ್ತವನ ಬೆನ್ನಿಗೆ ಎಣ್ಣೆ ತಿಕ್ಕುತ್ತ ಹೋದರೆ ಬೆನ್ನು ಉಳಿಯುವುದಿಲ್ಲ. ಇನ್ನು ನಿಜವಾಗಿಯೇ ಖಿನ್ನತೆಗೆ ಗುರಿಯಾಗಿ ಚಿಕಿತ್ಸೆ ಬೇಕಾದವರ ಗತಿಯೇನು? ತಾನು ದುಡಿಯುವ ಆಸ್ಪತ್ರೆಯ ಮನೋವೈದ್ಯರ ಬಳಿಗೆ ಹೋದರೆ ಆ ಸುದ್ದಿ ಮೇಲಿನವರ ಕಿವಿಗೆ ಮುಟ್ಟೀತೆಂದು, ಮುಟ್ಟಿದರೆ ‘ಇವಳಿಂದ ಆಗದು’ ಎಂಬ ಹಣೆಪಟ್ಟಿ ಬಿದ್ದೀತೆಂದು ಹೆದರಿ, ಮನಸ್ಸಿನ ನೋವಿಗೆ ಔಷಧವಿದೆಯೆಂದು ದಿನವೂ ಇತರರಿಗೆ ಹೇಳುವ ಜನರೇ ತಮ್ಮ ನೋವನ್ನು ಮುಚ್ಚಿಟ್ಟುಕೊಳ್ಳುತ್ತಾರೆ. ಅಂಥವರು ಇದನ್ನು ಓದುತ್ತಿದ್ದರೆ ನಿಮ್ಹಾನ್ಸ್‌ನ ಮಾರ್ಗದರ್ಶನದಲ್ಲಿ ನಡೆಯುವ ಟೆಲಿ ಮಾನಸ್ ಸಹಾಯವಾಣಿ, 14416, ಅವರಿಗೂ ಇದೆ. ಅಲ್ಲಿ ಮೇಟ್ರನ್‌ಗೆ ಉತ್ತರ ಹೇಳಬೇಕಾದ ಭಯವಿಲ್ಲ.

ವೈದ್ಯರ ವಿಷಯಕ್ಕೆ ಬಂದರೆ, ಅಲ್ಲಿ ಅನ್ಯಾಯಕ್ಕೆ ಪರಂಪರೆಯ ಬೆಂಬಲವೂ ಇದೆ. ಸ್ನಾತಕೋತ್ತರ ವಿದ್ಯಾರ್ಥಿಗಳು, ಆಸ್ಪತ್ರೆಯ ಭಾಷೆಯಲ್ಲಿ ಪಿ.ಜಿ.ಗಳು, ಇಪ್ಪತ್ತನಾಲ್ಕು ಗಂಟೆ, ಮೂವತ್ತಾರು ಗಂಟೆ ಒಂದೇ ಸಮನೆ ದುಡಿಯುವುದು ಶಿಕ್ಷಣದ ಅಂಗವೆಂದೇ ಹಿರಿಯರು ತಿಳಿದಿದ್ದಾರೆ. ‘ನಾವು ದುಡಿಯಲಿಲ್ಲವೆ? ಹಾಗೆ ದುಡಿದೇ ಅಲ್ಲವೆ ನಾವು ಈ ಮಟ್ಟಕ್ಕೆ ಬಂದುದು?’ ಎಂದು ಅವರು ಕೇಳುತ್ತಾರೆ. ಹಿರಿಯರೆ, ನೀವು ದುಡಿದಿರಿ, ನಿಜ. ಆದರೆ ನಿದ್ದೆಗೆಟ್ಟ ಆ ರಾತ್ರಿಗಳಲ್ಲಿ ನಿಮ್ಮ ಕೈಯಿಂದ ನಡೆದ ತಪ್ಪುಗಳ ಲೆಕ್ಕವನ್ನು ಇಟ್ಟವರು ಯಾರು? ನಿಮ್ಮೊಡನೆ ಆರಂಭಿಸಿ ನಡುವೆ ಕುಸಿದುಹೋದವರ ಹೆಸರುಗಳು ನಿಮಗೆ ನೆನಪಿವೆಯೆ? ಪಾರಾದವರು ತಮ್ಮ ಪಾರಾಗುವಿಕೆಯನ್ನೇ ಪ್ರಮಾಣವಾಗಿ ಎತ್ತಿಹಿಡಿದರೆ, ಮುಳುಗಿದವರ ಪರವಾಗಿ ಸಾಕ್ಷಿ ಹೇಳಲು ಯಾರೂ ಉಳಿದಿರುವುದಿಲ್ಲ.

1997ರಲ್ಲಿ ಆಸ್ಟ್ರೇಲಿಯದ ಇಬ್ಬರು ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಪ್ರಯೋಗವು, ಇಪ್ಪತ್ತನಾಲ್ಕು ಗಂಟೆ ಎಚ್ಚರವಾಗಿದ್ದವನ ಕೈ ಕಣ್ಣುಗಳ ಹೊಂದಾಣಿಕೆ, ನೂರು ಮಿಲಿಲೀಟರ್ ರಕ್ತದಲ್ಲಿ ಸುಮಾರು ನೂರು ಮಿಲಿಗ್ರಾಂ ಮದ್ಯಸಾರವಿರುವವನಷ್ಟೇ ಕೆಡುತ್ತದೆಂದು ತೋರಿಸಿತು. ನಮ್ಮ ದೇಶದ ಮೋಟಾರು ವಾಹನ ಕಾನೂನಿನಲ್ಲಿ ಮೂವತ್ತು ಮಿಲಿಗ್ರಾಂ ದಾಟಿದವನು ಗಾಡಿ ಓಡಿಸಿದರೆ ಅಪರಾಧಿ. ಅಂದರೆ ಆ ಮಿತಿಯನ್ನು ಮೂರು ಪಟ್ಟು ಮೀರಿದವನಷ್ಟು ಮಂಕಾಗಿರುವ ಒಬ್ಬ ಯುವಕನ ಕೈಗೆ ನಾವು ಶಸ್ತ್ರವನ್ನು ಕೊಡುತ್ತೇವೆ, ಪ್ರಸವಕ್ಕೆ ಬಂದ ತಾಯಿಯನ್ನು ಒಪ್ಪಿಸುತ್ತೇವೆ, ಔಷಧದ ಪ್ರಮಾಣವನ್ನು ಲೆಕ್ಕಹಾಕಲು ಹೇಳುತ್ತೇವೆ. ಲಾರಿ ಬಸ್ಸುಗಳ ಚಾಲಕರಿಗೆ ಸಾಮಾನ್ಯವಾಗಿ ದಿನಕ್ಕೆ ಎಂಟು ಗಂಟೆ, ವಾರಕ್ಕೆ ನಲವತ್ತೆಂಟು ಗಂಟೆ ಎಂದು ಈ ರಾಷ್ಟ್ರವು 1961ರಲ್ಲಿಯೇ ಕಾನೂನು ಮಾಡಿತು, ಏಕೆಂದರೆ ದಣಿದ ಚಾಲಕನು ದಾರಿಹೋಕರನ್ನು ಕೊಂದಾನೆಂಬುದು ಶಾಸಕರಿಗೆ ಅರ್ಥವಾಗಿತ್ತು. ದಣಿದ ವೈದ್ಯನ ವಿಷಯದಲ್ಲಿ ಅದೇ ಸತ್ಯವು ಅರ್ಥವಾಗದಿರುವುದಕ್ಕೆ ಕಾರಣವೇನು?

ಅರ್ಥವಾಗಿಲ್ಲವೆಂದೂ ಹೇಳುವಂತಿಲ್ಲ. 1992ರ ಜೂನ್ ತಿಂಗಳಲ್ಲಿ ಕೇಂದ್ರದ ಆರೋಗ್ಯ ಸಚಿವಾಲಯವು, ನಿವಾಸಿ ವೈದ್ಯರ ನಿರಂತರ ಕರ್ತವ್ಯವು ಸಾಮಾನ್ಯವಾಗಿ ದಿನಕ್ಕೆ ಹನ್ನೆರಡು ಗಂಟೆಗಳನ್ನೂ ವಾರಕ್ಕೆ ನಲವತ್ತೆಂಟು ಗಂಟೆಗಳನ್ನೂ ಮೀರಬಾರದೆಂದು ನಿರ್ದೇಶಿಸಿತು. ಆ ಕಾಗದವು ಎಲ್ಲಿಯೋ ಉಳಿಯಿತು; ವಾರ್ಡುಗಳು ಹಾಗೆಯೇ ನಡೆದವು. 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗವು ಹೊಸ ನಿಯಮಾವಳಿಯನ್ನು ರಚಿಸುವಾಗ, ಸ್ಪಷ್ಟವಾದ ಅಂಕೆಯನ್ನು ಹಾಕುವ ಬದಲು, ಪಿ.ಜಿ.ಗಳು ಸಮಂಜಸವಾದಷ್ಟು ಗಂಟೆ ದುಡಿಯಬೇಕು, ಅವರಿಗೆ ಸಮಂಜಸವಾದಷ್ಟು ವಿಶ್ರಾಂತಿ ಕೊಡಬೇಕು ಎಂದು ಬರೆಯಿತು. ಯಾರ ದೃಷ್ಟಿಯಲ್ಲಿ ಸಮಂಜಸ? ಪರೀಕ್ಷೆಯಲ್ಲಿ ತೇರ್ಗಡೆ ಮಾಡುವ ಅಧಿಕಾರವಿರುವ ವಿಭಾಗಮುಖ್ಯರ ದೃಷ್ಟಿಯಲ್ಲಿಯೊ, ಅವರ ಮುಂದೆ ತಲೆತಗ್ಗಿಸಿ ನಿಂತಿರುವ ವಿದ್ಯಾರ್ಥಿಯ ದೃಷ್ಟಿಯಲ್ಲಿಯೊ? ಮರುವರ್ಷ, ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಮನೋವೈದ್ಯ ಪ್ರಾಧ್ಯಾಪಕರೊಬ್ಬರ ಅಧ್ಯಕ್ಷತೆಯಲ್ಲಿ ಅದೇ ಆಯೋಗವು ನೇಮಿಸಿದ ಕಾರ್ಯಪಡೆ ತನ್ನ ವರದಿಯನ್ನು ಕೊಟ್ಟಿತು. ಅದರ ಸಮೀಕ್ಷೆಗೆ ಉತ್ತರಿಸಿದ ಐದು ಸಾವಿರಕ್ಕೂ ಹೆಚ್ಚು ಪಿ.ಜಿ.ಗಳಲ್ಲಿ ಶೇಕಡ 31ರಷ್ಟು ಮಂದಿಗೆ ಆತ್ಮಹತ್ಯೆಯ ಆಲೋಚನೆ ಬಂದಿತ್ತು. ವಾರಕ್ಕೆ 74 ಗಂಟೆಗಳನ್ನು ಮೀರದ ಕೆಲಸ, ವಾರಕ್ಕೊಂದು ರಜೆ, ದಿನಕ್ಕೆ ಏಳೆಂಟು ಗಂಟೆ ನಿದ್ದೆ, ಇವು ಆ ಕಾರ್ಯಪಡೆಯ ಶಿಫಾರಸುಗಳು. ಓದುಗರು ಈ ಎರಡು ಅಂಕೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು: 1992ರಲ್ಲಿ 48 ಎಂದು ಆಜ್ಞಾಪಿಸಿದ್ದ ದೇಶದಲ್ಲಿ, ಮೂವತ್ತೆರಡು ವರ್ಷಗಳ ತರುವಾಯ, 74 ಎಂಬುದನ್ನು ಒಂದು ಸುಧಾರಣೆಯೆಂದು ಬೇಡಬೇಕಾಯಿತು. ಅದಕ್ಕೆ ಮೊದಲಿನ ಐದು ವರ್ಷಗಳಲ್ಲಿ 122 ಮಂದಿ ವೈದ್ಯ ವಿದ್ಯಾರ್ಥಿಗಳು ಆತ್ಮಹತ್ಯೆ ಮಾಡಿಕೊಂಡರೆಂದೂ, 1,270 ಮಂದಿ ವ್ಯಾಸಂಗವನ್ನು ತೊರೆದರೆಂದೂ, ತೊರೆದವರಲ್ಲಿ ಸಾವಿರಕ್ಕೂ ಹೆಚ್ಚಿನವರು ಪಿ.ಜಿ.ಗಳೆಂದೂ ಮಾಹಿತಿ ಹಕ್ಕಿನಡಿ ಆಯೋಗವೇ ಕೊಟ್ಟ ಉತ್ತರದಿಂದ ತಿಳಿದುಬಂದಿತ್ತು. ಲಕ್ಷಾಂತರ ಮಂದಿಯೊಡನೆ ಸ್ಪರ್ಧಿಸಿ ಗೆದ್ದು ಬಂದವರು ಇವರು. ಇವರೆಲ್ಲರೂ ಸೋಮಾರಿಗಳೆ, ಇವರೆಲ್ಲರ ಮನಸ್ಸೂ ಹುಟ್ಟಿನಿಂದಲೇ ಮೃದುವೆ?

ಇದು ದುಡಿಯುವವರ ಮತ್ತು ದುಡಿಸಿಕೊಳ್ಳುವವರ ನಡುವಣ ಜಗಳ, ನಮಗೇಕೆ ಎಂದು ದೂರ ನಿಲ್ಲುವ ನಾಗರಿಕರಿಗೆ ಒಂದು ಮಾತು. ಅಮೆರಿಕದ ಪೆನ್ಸಿಲ್ವೇನಿಯ ಪ್ರಾಂತದ 168 ಆಸ್ಪತ್ರೆಗಳಲ್ಲಿ ಲಿಂಡಾ ಐಕನ್ ಮತ್ತು ಅವರ ಸಹೋದ್ಯೋಗಿಗಳು ನಡೆಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸಿನ ಪಾಲಿಗೆ ಒಬ್ಬ ರೋಗಿ ಹೆಚ್ಚಾದಾಗಲೆಲ್ಲ, ಶಸ್ತ್ರಚಿಕಿತ್ಸೆಯಾದವರು ಮೂವತ್ತು ದಿನಗಳೊಳಗೆ ಸಾಯುವ ಸಂಭವವು ಶೇಕಡ 7ರಷ್ಟೂ, ಆ ನರ್ಸು ಬರ್ನ್‌ಔಟ್‌ಗೆ ಗುರಿಯಾಗುವ ಸಂಭವವು ಶೇಕಡ 23ರಷ್ಟೂ ಏರುತ್ತದೆಂದು ಕಂಡುಬಂದಿತು. ಒಂದೇ ಕಾರಣದಿಂದ ಇಬ್ಬರಿಗೂ ಕೇಡು. ಕ್ಯಾಲಿಫೋರ್ನಿಯವು 1999ರಲ್ಲಿ ಕಾನೂನು ಮಾಡಿ, ಸಾಮಾನ್ಯ ವಾರ್ಡಿನಲ್ಲಿ ಹಗಲಾಗಲಿ ಇರುಳಾಗಲಿ ಒಬ್ಬ ನರ್ಸಿಗೆ ಐವರಿಗಿಂತ ಹೆಚ್ಚು, ತೀವ್ರ ನಿಗಾ ಘಟಕದಲ್ಲಿ ಇಬ್ಬರಿಗಿಂತ ಹೆಚ್ಚು ರೋಗಿಗಳನ್ನು ವಹಿಸಕೂಡದೆಂದು ಕ್ರಮೇಣ ಜಾರಿಗೆ ತಂದಿತು. ಅಲ್ಲಿನ ಆಸ್ಪತ್ರೆಗಳು ಇಂದಿಗೂ ನಡೆಯುತ್ತಿವೆ. ನಮ್ಮಲ್ಲಿಯೂ ಭಾರತೀಯ ಶುಶ್ರೂಷಾ ಪರಿಷತ್ತಿನ ಪ್ರಮಾಣಗಳು ಪುಸ್ತಕದಲ್ಲಿ ಅಚ್ಚಾಗಿವೆ. ಅವನ್ನು ಮೀರಿದ ಆಸ್ಪತ್ರೆಯ ಬಾಗಿಲಿಗೆ ಒಂದು ರಾತ್ರಿಯಾದರೂ ಬೀಗ ಬಿದ್ದುದನ್ನು ಕಂಡವರಾರು?

ಬಿಟ್ಟುಹೋಗುವವರ ಮೇಲೆ ಹೊರಿಸುವ ಅಪವಾದವು ಇನ್ನೂ ನೀಚವಾದುದು. ಮಂಗಳೂರಿನಲ್ಲಿಯೊ ಬೆಂಗಳೂರಿನಲ್ಲಿಯೊ ಕಲಿತ ಹುಡುಗಿಯರು ಎರಡು ವರ್ಷ ಅನುಭವ ಪಡೆದು ಕೊಲ್ಲಿ ದೇಶಗಳಿಗೆ, ಐರ್ಲೆಂಡಿಗೆ, ಇಂಗ್ಲೆಂಡಿಗೆ ಹಾರುತ್ತಾರೆ, ಅವರಿಗೆ ಹಣದಾಸೆ ಎಂದು ಆಡಳಿತದವರು ದೂರುತ್ತಾರೆ. ಹಣದಾಸೆಯ ಮಾತನ್ನು ಎತ್ತುವವರು 2016ರ ಜನವರಿ 29ನ್ನು ಜ್ಞಾಪಿಸಿಕೊಳ್ಳಲಿ. ಖಾಸಗಿ ಆಸ್ಪತ್ರೆಗಳ ನರ್ಸ್‌ಗಳ ದುಃಸ್ಥಿತಿಯನ್ನು ವಿಚಾರಿಸಲು ಸಮಿತಿಯನ್ನು ನೇಮಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು ಅಂದು ಹೇಳಿತು, ಸಮಿತಿ ಕೂತಿತು, ಇನ್ನೂರಕ್ಕಿಂತ ಹೆಚ್ಚು ಹಾಸಿಗೆಗಳಿರುವಲ್ಲಿ ಸರಕಾರಿ ನರ್ಸ್‌ಗಳಿಗೆ ಸಮನಾದ ಸಂಬಳ, ಐವತ್ತಕ್ಕಿಂತ ಕಡಮೆ ಹಾಸಿಗೆಗಳಿರುವಲ್ಲಿ ಕೂಡ ತಿಂಗಳಿಗೆ 20,000 ರೂಪಾಯಿಗೆ ಕಡಮೆಯಿಲ್ಲದ ಸಂಬಳ ಎಂದು ಶಿಫಾರಸು ಮಾಡಿತು, ಜಾರಿಗೆ ತರುವ ಹೊಣೆ ರಾಜ್ಯಗಳ ಪಾಲಿಗೆ ಬಂದಿತು. ವರ್ಷಗಳು ಉರುಳಿದ ಮೇಲೂ ಎಷ್ಟು ನರ್ಸಿಂಗ್ ಹೋಮುಗಳಲ್ಲಿ, ವಿದ್ಯಾಭ್ಯಾಸಕ್ಕೆಂದು ಸಾಲ ಮಾಡಿದ ಮನೆಯ ಹುಡುಗಿ, ಆ ಸಾಲದ ಕಂತಿಗೂ ಸಾಲದ ಸಂಬಳಕ್ಕೆ ಸಹಿ ಹಾಕುತ್ತಿದ್ದಾಳೆ? ಬಿಟ್ಟುಹೋಗುತ್ತೇನೆಂದರೆ ಮೂಲ ಸರ್ಟಿಫಿಕೇಟುಗಳನ್ನು ಕೊಡದೆ ಸತಾಯಿಸುವ, ಬಾಂಡಿನ ಹಣ ಕಟ್ಟೆನ್ನುವ ಜನರು ಅವಳ ಸೇವಾಭಾವದ ಬಗ್ಗೆ ಉಪನ್ಯಾಸ ಮಾಡಬಹುದೆ? ಅವಳು ಹೋದಮೇಲೆ ಆಗುವುದೇನೆಂದರೆ, ಉಳಿದವರ ಪಾಲಿಗೆ ಅವಳ ರೋಗಿಗಳೂ ಸೇರುತ್ತಾರೆ. ಆ ಹೊರೆಯಿಂದ ಇನ್ನೊಬ್ಬಳು ಹೊರಡುತ್ತಾಳೆ. ಬಂದ ಹೊಸಬಳಿಗೆ ಕಲಿಸಬೇಕಾದ ಹಳಬರು ಯಾರೂ ಇರುವುದಿಲ್ಲ. ಹತ್ತು ವರ್ಷ ಒಂದೇ ವಿಭಾಗದಲ್ಲಿದ್ದ ನರ್ಸು ರೋಗಿಯ ಮುಖದ ಬಣ್ಣ ನೋಡಿಯೇ ‘ಡಾಕ್ಟರನ್ನು ಕರೆಯಿರಿ’ ಎನ್ನಬಲ್ಲಳು. ಆ ಜ್ಞಾನಕ್ಕೆ ಲೆಕ್ಕಪತ್ರದಲ್ಲಿ ಕಾಲಂ ಇಲ್ಲದುದರಿಂದ ಅದು ನಷ್ಟವಾದುದೂ ಲೆಕ್ಕಕ್ಕೆ ಬರುವುದಿಲ್ಲ.

ಹೊರಗುತ್ತಿಗೆಯ ಗ್ರೂಪ್ ಡಿ ನೌಕರರು, ಆಯಾಗಳು, ನೆಲ ಒರೆಸುವವರು, ಸ್ಟ್ರೆಚರ್ ತಳ್ಳುವವರು ಈ ಚರ್ಚೆಯಲ್ಲಿ ಹೆಸರಿಗೂ ಬರುವುದಿಲ್ಲ. ರಕ್ತವನ್ನೂ ಮಲವನ್ನೂ ದಿನವಿಡೀ ತೊಳೆಯುವ ಈ ಜನರ ಸಂಬಳವು ಗುತ್ತಿಗೆದಾರನ ಕೃಪೆಗೆ ಬಿದ್ದಿದೆ; ಅವರಿಗೂ ಮನಸ್ಸೊಂದಿದೆಯೆಂಬುದನ್ನು ಒತ್ತಡ ನಿರ್ವಹಣೆಯ ಶಿಬಿರಗಳವರು ಕೂಡ ಇನ್ನೂ ಗುರುತಿಸಿದಂತಿಲ್ಲ.

ದಣಿದವರಿಗೆ ಬೇಕಾದ ಅತ್ಯಂತ ಸಾಮಾನ್ಯ ವಸ್ತುವೆಂದರೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ. ಉತ್ತರ ಕನ್ನಡದ ಹಳದೀಪುರದಿಂದ ಹೋಗಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ನರ್ಸಾಗಿದ್ದ ಅರುಣಾ ಶಾನಭಾಗ, 1973ರ ನವೆಂಬರ್ 27ರಂದು ಕೆಲಸ ಮುಗಿಸಿ ಉಡುಪು ಬದಲಿಸಲು ನೆಲಮಾಳಿಗೆಗೆ ಹೋಗಿದ್ದಾಗ, ಅದೇ ಆಸ್ಪತ್ರೆಯ ನೌಕರನ ಪೈಶಾಚಿಕ ಹಲ್ಲೆಗೆ ತುತ್ತಾಗಿ, 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವವರೆಗೆ ನಲವತ್ತೊಂದು ವರ್ಷಕ್ಕೂ ಹೆಚ್ಚು ಕಾಲ ಅದೇ ಆಸ್ಪತ್ರೆಯ ಹಾಸಿಗೆಯ ಮೇಲೆ ಉಳಿದರು. ಅಷ್ಟು ವರ್ಷವೂ ಅವರನ್ನು ಮಗುವಿನಂತೆ ನೋಡಿಕೊಂಡವರು ಅಲ್ಲಿನ ನರ್ಸ್‌ಗಳೇ. 2024ರ ಆಗಸ್ಟ್ 9ರಂದು ಕಲ್ಕತ್ತೆಯ ಆರ್.ಜಿ. ಕರ್ ಆಸ್ಪತ್ರೆಯಲ್ಲಿ, ದೀರ್ಘವಾದ ಡ್ಯೂಟಿಯ ನಡುವೆ ಸ್ವಲ್ಪ ವಿರಮಿಸಲು ಸೆಮಿನಾರ್ ಕೊಠಡಿಗೆ ಹೋದ ಯುವ ವೈದ್ಯೆಯ ಕೊಲೆಯಾಯಿತು. ಐವತ್ತು ವರ್ಷಗಳ ಅಂತರದಲ್ಲಿ ಉಡುಪು ಬದಲಿಸಲು ಒಂದು ಕೋಣೆ, ಮಲಗಲು ಒಂದು ಕೋಣೆ, ಇಷ್ಟನ್ನು ಕೊಡಲಾಗದ ವ್ಯವಸ್ಥೆಯು ತನ್ನ ಸಿಬ್ಬಂದಿಯಿಂದ ತ್ಯಾಗವನ್ನು ಕೇಳುವ ಅರ್ಹತೆಯನ್ನು ಎಲ್ಲಿಂದ ಪಡೆಯಿತು?

ತ್ಯಾಗದ ಆದರ್ಶಕ್ಕೆಂದು ಪ್ರತಿ ವರ್ಷ ಮೇ 12ರಂದು ಫ್ಲಾರೆನ್ಸ್ ನೈಟಿಂಗೇಲಳ ಚಿತ್ರಕ್ಕೆ ಹಾರ ಹಾಕಿ ದೀಪ ಹಚ್ಚುತ್ತಾರೆ. ಆಕೆ ದೀಪ ಹಿಡಿದು ವಾರ್ಡಿನಲ್ಲಿ ನಡೆದುದು ನಿಜ. ಆದರೆ ಕ್ರಿಮಿಯ ಯುದ್ಧದಿಂದ ಹಿಂದಿರುಗಿದ ಮೇಲೆ ಆಕೆ ಮಾಡಿದುದು ಅಂಕಿ ಅಂಶಗಳ ಯುದ್ಧ. ಸೈನಿಕರಲ್ಲಿ ಹೆಚ್ಚಿನವರು ಸತ್ತುದು ಗಾಯದಿಂದಲ್ಲ, ತಡೆಯಬಹುದಾಗಿದ್ದ ರೋಗಗಳಿಂದ ಎಂದು ಲೆಕ್ಕಹಾಕಿ, 1858ರಲ್ಲಿ ನಕ್ಷೆಗಳನ್ನು ಮುದ್ರಿಸಿ, ಅಧಿಕಾರಿಗಳ ಮುಂದಿಟ್ಟು, ಅವರು ಒಪ್ಪುವವರೆಗೂ ಬಿಡಲಿಲ್ಲ. ಅವಳು ದಾದಿಯರಿಗೆ ಸಹಿಸಿಕೊಳ್ಳಿರೆಂದು ಬೋಧಿಸಿ ಸುಮ್ಮನಾಗಿದ್ದರೆ ಸೈನಿಕ ಆಸ್ಪತ್ರೆಗಳ ಚರಂಡಿಗಳು ಹಾಗೆಯೇ ಇರುತ್ತಿದ್ದವು. ಕೋವಿಡ್ ಬಂದಾಗ, 2020ರ ಮಾರ್ಚಿನಲ್ಲಿ ನಾವು ತಟ್ಟೆ ಬಡಿದೆವು, ಮೇ ತಿಂಗಳಲ್ಲಿ ಹೆಲಿಕಾಪ್ಟರುಗಳಿಂದ ಆಸ್ಪತ್ರೆಗಳ ಮೇಲೆ ಹೂ ಸುರಿಸಲಾಯಿತು. ಅದೇ ಕಾಲದಲ್ಲಿ ನೇಮಿಸಿಕೊಂಡ ತಾತ್ಕಾಲಿಕ ಸಿಬ್ಬಂದಿಯಲ್ಲಿ ಅನೇಕರನ್ನು, ರೋಗ ಇಳಿಮುಖವಾದೊಡನೆ, ಮನೆಗೆ ಕಳುಹಿಸಲಾಯಿತು.

ಆದುದರಿಂದ ಉಪದೇಶ ಸಾಕು, ಕಾನೂನು ಬೇಕು. ಕರ್ನಾಟಕಕ್ಕೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮವಿದೆ. 2017ರ ನವೆಂಬರಿನಲ್ಲಿ ಅದರ ತಿದ್ದುಪಡಿಯು ದರಗಳಿಗೆ ಕೈಹಾಕಿದಾಗ ಖಾಸಗಿ ಆಸ್ಪತ್ರೆಗಳು ಬಾಗಿಲು ಮುಚ್ಚಿ ಬೆಳಗಾವಿಯಲ್ಲಿ ಪ್ರತಿಭಟಿಸಿದುದನ್ನು ನಾಡು ನೋಡಿದೆ; ತಮ್ಮ ನರ್ಸ್‌ಗಳ ಸಂಖ್ಯೆ ಸಾಲದೆಂದು ಅವು ಎಂದಾದರೂ ಒಂದು ದಿನ ಬಾಗಿಲು ಮುಚ್ಚಿದುವೆ? ಆ ಅಧಿನಿಯಮದಡಿಯಲ್ಲಿಯೇ ಪ್ರತಿ ಪಾಳಿಗೆ ರೋಗಿ ಮತ್ತು ನರ್ಸ್‌ಗಳ ಪ್ರಮಾಣವನ್ನು ನೋಂದಣಿಯ ಷರತ್ತಾಗಿ ಮಾಡಬೇಕು, ಮೀರಿದವರ ನೋಂದಣಿ ರದ್ದಾಗಬೇಕು. ಸರಕಾರಿ ಆಸ್ಪತ್ರೆಗಳು ಇದಕ್ಕೆ ಹೊರತಾಗಕೂಡದು. ಖಾಲಿ ಹುದ್ದೆಗಳನ್ನು ಗುತ್ತಿಗೆಯ ಜನರಿಂದ ತುಂಬಿ ಕಾಲ ತಳ್ಳುವುದನ್ನು ಸರಕಾರ ನಿಲ್ಲಿಸಬೇಕು. ಪಿ.ಜಿ.ಗಳ ಕೆಲಸದ ಗಂಟೆಗಳನ್ನು 1992ರ ಆಜ್ಞೆಯಂತೆ 48ಕ್ಕೆ ಇಳಿಸಿ, ಹಾಜರಿಯನ್ನು ವಿಭಾಗದ ಕೈಯಿಂದ ತೆಗೆದು ಹೊರಗಿನ ಪರಿಶೀಲನೆಗೆ ಒಪ್ಪಿಸಬೇಕು. 2016ರ ತೀರ್ಪಿನಿಂದ ಹುಟ್ಟಿದ ಸಂಬಳದ ಶಿಫಾರಸುಗಳನ್ನು ವಿಧಾನಮಂಡಲವು ಕಾಯಿದೆಯಾಗಿ ಅಂಗೀಕರಿಸಬೇಕು. ಹಣವೆಲ್ಲಿ ಎಂದು ಕೇಳುವವರಿಗೆ, ಹೊಸ ಕಟ್ಟಡಕ್ಕೂ ಹೊಸ ಯಂತ್ರಕ್ಕೂ ಹಣ ಸಿಕ್ಕುವ ಕಡೆಯೇ ಅದೂ ಇದೆ ಎಂದು ಹೇಳುತ್ತೇನೆ.

ಮತ್ತು ಓದುಗರೆ, ನಿಮ್ಮದೂ ಒಂದು ಕರ್ತವ್ಯವಿದೆ. ಮುಂದೆ ನಿಮ್ಮ ತಾಯಿಯನ್ನೊ ಮಗುವನ್ನೊ ಆಸ್ಪತ್ರೆಗೆ ಸೇರಿಸಬೇಕಾಗಿ ಬಂದಾಗ, ಕೋಣೆಯ ಬಾಡಿಗೆಯನ್ನೂ ವೈದ್ಯರ ಪದವಿಯನ್ನೂ ವಿಚಾರಿಸುವ ಮೊದಲು, ಈ ವಾರ್ಡಿನಲ್ಲಿ ಇಂದು ರಾತ್ರಿ ಎಷ್ಟು ಮಂದಿ ರೋಗಿಗಳಿಗೆ ಎಷ್ಟು ಮಂದಿ ನರ್ಸ್‌ಗಳಿದ್ದಾರೆ, ಡ್ಯೂಟಿ ಡಾಕ್ಟರು ಎಷ್ಟು ಗಂಟೆಯಿಂದ ಎಚ್ಚರವಾಗಿದ್ದಾರೆ ಎಂದು ಕೇಳಿರಿ. ಉತ್ತರವನ್ನು ಬರವಣಿಗೆಯಲ್ಲಿ ಕೇಳಿರಿ. ಕೊಡದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರೆಯಿರಿ, ನಿಮ್ಮ ಶಾಸಕರಿಗೆ ಬರೆಯಿರಿ, ಉತ್ತರ ಬರುವವರೆಗೆ ಬರೆಯುತ್ತಲೇ ಇರಿ.